ಸೊನ್ನೆ ಎಂದರೆ ಎಷ್ಟು ವೋಲ್ಟ್?

ಗೋಕಾಕ, ಮೂಡಲಗಿ ಭಾಗ ಶ್ರೀಕೃಷ್ಣ ಪಾರಿಜಾತದ ತವರು. ಆ ಆಟಕ್ಕೆ ರೂಪ ಕೊಟ್ಟವರಲ್ಲಿ ಕುಲಗೋಡ ತಮ್ಮಣ್ಣ ಪ್ರಮುಖರು. ಕೌಜಲಗಿ ನಿಂಗಮ್ಮ ಅದರ ಹೆಸರಾಂತ ಕಲಾವಿದೆ. ವಿದ್ಯುತ್ತಿಲ್ಲದ ದಿನಗಳಲ್ಲಿ ಹಾಡುವವರ ಗಂಟಲೇ ಧ್ವನಿವರ್ಧಕವಾಗಿತ್ತು. ಪಕ್ಕದ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಇಂಥ ಐದು ಸಂಘಗಳಲ್ಲಿ ಅದೂ ಒಂದು.

ವಿದ್ಯುತ್ತಿನ ಬೆನ್ನಿಗೆ ಮೈಕು ಬಂದಾಗ ಹೊಸ ತೊಡಕೂ ಬರುತ್ತದೆ. ಮೆಲುಮಾತು ಕೇಳಲೆಂದು ಧ್ವನಿ ಏರಿಸಿದರೆ ಎತ್ತರದ ಹಾಡು ಒಡೆಯುತ್ತದೆ. ಇಳಿಸಿದರೆ ಮಾತು ಮುಳುಗುತ್ತದೆ. ಮುದ್ರಣದಲ್ಲಿ ಒಮ್ಮೆ ಒಡೆದ ಧ್ವನಿಯನ್ನು ಮತ್ತೆ ನೇರ್ಪಡಿಸುವುದು ಬಹು ಕಷ್ಟ. ಹಿರಿಯ ಕಲಾವಿದರ ಹಾಡನ್ನು ದಾಖಲಿಸುವವರಿಗೆ ಇದು ಸಣ್ಣ ನಷ್ಟವಲ್ಲ.

ರೇಡಿಯೋ ಕೇಂದ್ರಗಳು ಇದೇ ತೊಡಕಿಗೆ ಕಂಡುಕೊಂಡ ಪರಿಹಾರವೇ ಕಂಪ್ರೆಸರ್. ನಿಗದಿತ ಮಟ್ಟವನ್ನು ದಾಟಿದ ಸಿಗ್ನಲನ್ನು ಅದು ತಾನಾಗಿ ತಗ್ಗಿಸುತ್ತದೆ. ಅನುಪಾತ 4:1 ಆಗಿದ್ದರೆ, ಆ ಮಟ್ಟದ ಮೇಲೆ ಒಳಬರುವ ಸಿಗ್ನಲ್ 8 ಡೆಸಿಬೆಲ್ ಏರಿದಾಗ ಹೊರಹೋಗುವುದು 2 ಡೆಸಿಬೆಲ್ ಮಾತ್ರ ಏರುತ್ತದೆ. 1960ರ ದಶಕದ ಎಲ್‌ಎ-2ಎ ಕಂಪ್ರೆಸರ್‌ನಲ್ಲಿ ಈ ಕೆಲಸವನ್ನು ಮಿನುಗುವ ಫಲಕ ಮತ್ತು ಬೆಳಕಿಗೆ ರೋಧ ಬದಲಿಸುವ ಕೋಶ ಮಾಡುತ್ತಿದ್ದವು. ಈ ತತ್ತ್ವ ಸರಳವಾದ್ದರಿಂದ ಹವ್ಯಾಸಿಗಳು ಇಂಥದನ್ನು ಸ್ವತಃ ಕಟ್ಟುತ್ತಾರೆ.

ಆದರೆ ಕಟ್ಟಿದ ಉಪಕರಣ ಹಲವು ಸಲ ಮೌನವಾಗಿರುತ್ತದೆ, ಇಲ್ಲವೇ ಎಲ್ಲವನ್ನೂ ಅದುಮುತ್ತದೆ. ಬಿಡಿಭಾಗಗಳೆಲ್ಲ ಸರಿಯಾಗಿಯೇ ಇದ್ದರೂ ಹೀಗಾಗುವುದೇಕೆ? ಉತ್ತರ ಇತಿಹಾಸದಲ್ಲಿದೆ.

ಮೊದಲು ಟೆಲಿಫೋನ್ ಎಂಜಿನಿಯರುಗಳು ಧ್ವನಿಯ ಕುಗ್ಗುವಿಕೆಯನ್ನು 'ಇಷ್ಟು ಮೈಲಿ ಪ್ರಮಾಣಿತ ಕೇಬಲ್' ಎಂದು ಅಳೆಯುತ್ತಿದ್ದರು. 1920ರ ದಶಕದಲ್ಲಿ ಆ ಜಾಗಕ್ಕೆ ಡೆಸಿಬೆಲ್ ಬಂತು. ಡೆಸಿಬೆಲ್ ಕೇವಲ ಅನುಪಾತ. ಯಾವುದಕ್ಕೆ ಹೋಲಿಸಿ ಎಂದು ಹೇಳದೆ ಅದಕ್ಕೆ ಅರ್ಥವಿಲ್ಲ. ಹೋಲಿಕೆಯ ಮಟ್ಟವೋ ಒಂದೊಂದು ಕಡೆ ಒಂದೊಂದು ಬಗೆ! ಕೊನೆಗೆ 1939ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ, ಎನ್‌ಬಿಸಿ ಮತ್ತು ಸಿಬಿಎಸ್ ಸೇರಿ ವಿಯು ಮಾಪಕವನ್ನು ರೂಪಿಸಿದವು. 600 ಓಮ್ ರೋಧದಲ್ಲಿ 1 ಮಿಲಿವಾಟ್, ಅಂದರೆ 0.775 ವೋಲ್ಟ್, ಆಧಾರವಾಯಿತು. ಅದಕ್ಕಿಂತ 4 ಡೆಸಿಬೆಲ್ ಮೇಲಿನ 1.23 ವೋಲ್ಟ್ ಮಾಪಕದ 'ಸೊನ್ನೆ' ಎಂದು ರೂಢಿಗೆ ಬಂತು. ಗೃಹಬಳಕೆಯ ಟೇಪ್‌ರೆಕಾರ್ಡರುಗಳು ಮುಂದೆ 0.316 ವೋಲ್ಟನ್ನು ಹಿಡಿದವು. ಇವೆರಡರ ನಡುವೆ ಸುಮಾರು 12 ಡೆಸಿಬೆಲ್ ಅಂತರವಿದೆ.

ಈಗ ದೋಷವನ್ನು ಹುಡುಕೋಣ. ಕಂಪ್ರೆಷನ್ ನಿಲ್ಲಿಸಿ 1000 ಹರ್ಟ್ಸ್‌ನ ಸೈನ್ ಅಲೆಯನ್ನು 1.23 ವೋಲ್ಟ್ ಮಟ್ಟದಲ್ಲಿ ಕೊಡಿ. ಹಂತ ಹಂತವಾಗಿ ಅಳೆಯುತ್ತ ಹೋಗಿ. ಅಗ್ಗದ ಮಲ್ಟಿಮೀಟರ್ ಈ ಆವೃತ್ತಿಯಲ್ಲಿ ಕಡಿಮೆ ತೋರಬಹುದು. ಸಾಧ್ಯವಾದರೆ ಆಸಿಲೋಸ್ಕೋಪ್ ಬಳಸಿ. ಕೊರತೆ ಸುಮಾರು 12 ಡೆಸಿಬೆಲ್ ಆದರೆ ಗೃಹಬಳಕೆಯ ಮಟ್ಟವೇ ಒಳಬರುತ್ತಿದೆ ಎಂದು ಶಂಕಿಸಿ. ಸರಿಯಾಗಿ 6 ಡೆಸಿಬೆಲ್ ಆದರೆ 600 ಓಮ್ ಮೂಲಕ್ಕೆ 600 ಓಮ್ ಹೊರೆ ಬಿದ್ದು ವೋಲ್ಟೇಜ್ ಅರ್ಧವಾಗಿರಬೇಕು. ವೋಲ್ಟೇಜ್ ಸರಿಯಿದ್ದು ಮುಳ್ಳು ಮಾತ್ರ ಮೇಲೇರಿದರೆ, ವಿಯು ಮಾಪಕಕ್ಕೆ ಸರಣಿಯಲ್ಲಿ ಇರಬೇಕಾದ 3600 ಓಮ್ ರೋಧಕವನ್ನು ನೋಡಿ. ಇವೆಲ್ಲ ಸರಿಯಾದ ಮೇಲೆಯೇ ಕಂಪ್ರೆಷನ್ ಮಟ್ಟವನ್ನು ಹೊಂದಿಸಿ.

ಇನ್ನೂ ಒಂದು ಎಚ್ಚರಿಕೆ. ವಿಯು ಮಾಪಕದ ಮುಳ್ಳು ಪೂರ್ಣ ಏರಲು 0.3 ಸೆಕೆಂಡ್ ಬೇಕು. ತಬಲೆಯ ಪೆಟ್ಟು ಅದಕ್ಕೆ ಮೊದಲೇ ಮುಗಿದಿರುತ್ತದೆ! ಮುಳ್ಳು ಸೊನ್ನೆಯನ್ನು ಮುಟ್ಟದಿದ್ದರೂ ಧ್ವನಿ ಒಡೆದಿರಬಹುದು.

ಹೀಗೆ 'ಸೊನ್ನೆ' ನಿಸರ್ಗದ ನಿಯಮವಲ್ಲ, ಮನುಷ್ಯರ ಒಪ್ಪಂದ. ಯಾವುದೇ ಮಾಪಕವನ್ನು ನಂಬುವ ಮುನ್ನ ಅದರ ಸೊನ್ನೆ ಯಾವುದೆಂದು ಕೇಳುವುದನ್ನು ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕು.