ಮೂವತ್ತೈದು ಸಾವಿರ ವೋಲ್ಟಿನ ಪಾಠ

ಹತ್ತನೇ ಕ್ಲಾಸಿಗೆ ವಿದ್ಯುತ್ತಿನ ಪಾಠ ಶುರುಮಾಡುವಾಗ ನಾನು ಬ್ಯಾಟರಿ, ಬಲ್ಬು ಮುಟ್ಟುವುದಿಲ್ಲ. ಕಾವೇರಿಯ ಭರಚುಕ್ಕಿ ಜಲಪಾತದಿಂದ ಶುರುಮಾಡುತ್ತೇನೆ. ಹನೂರಿನವರಿರಲಿ, ಯಳಂದೂರಿನವರಿರಲಿ, ಆ ನೀರು ನೋಡದ ಮಕ್ಕಳು ನಮ್ಮ ಕಡೆ ಅಪರೂಪ.

ಮೊದಲು ಆ ನೀರಿನ ಸುತ್ತಲಿನ ಗಡಿಯ ಕತೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ಪೂರ್ಣಯ್ಯನವರ ಜಹಗೀರಾಯಿತು. 1956ರವರೆಗೆ ಈ ಎರಡು ಊರುಗಳ ನಡುವೆ ಗಡಿ ಇತ್ತು ಅಂದರೆ ಇವತ್ತಿನ ಮಕ್ಕಳು ನಗುತ್ತಾರೆ. ಕಾವೇರಿಯೂ ಹಾಗೇ: ಭರಚುಕ್ಕಿಯ ಕಡೆ ಮದ್ರಾಸು, ಇನ್ನೊಂದು ಜಲಪಾತ ಗಗನಚುಕ್ಕಿಯ ಆಚೆ ದಡ ಮೈಸೂರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಎಂಜಿನಿಯರ್ ಜೋಲಿ ದ ಲಾಟ್ಬಿನಿಯರ್ ವಿದ್ಯುದಾಗಾರಕ್ಕೆ ಜಾಗ ಹುಡುಕಿದ್ದು ಮೈಸೂರಿನ ದಡದಲ್ಲಿ. ಸ್ವಿಟ್ಜರ್ಲೆಂಡಿನ ಟರ್ಬೈನು, ಅಮೆರಿಕದ ಜನರೇಟರು ಬಂದವು. 1902ರ ಜೂನ್‌ನಲ್ಲಿ ಕರೆಂಟು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: “ಸಾ, ಇಲ್ಲುಟ್ಟಿದ್ ಕರೆಂಟು ನಮ್ಮೂರ್ ಬುಟ್ಟು ಅಲ್ಲಿಗ್ಯಾಕೋಯ್ತು?” ಗಣಿಯವರ ಹತ್ತಿರ ಕಾಸಿತ್ತು, ಅದಕ್ಕೆ. ಇದು ಭೌತಶಾಸ್ತ್ರವಲ್ಲ, ಆದರೆ ನನಗೆ ಬೇಕಾದ ಪ್ರಶ್ನೆ ಇದರ ಬೆನ್ನಿಗೇ ಇದೆ. ಅಷ್ಟುದ್ದ ತಂತಿಯಲ್ಲಿ ಹೋಗುವಾಗ ಕರೆಂಟು ದಾರಿಯಲ್ಲೇ ಬಿಸಿಯಾಗಿ ಮುಗಿದುಹೋಗಲಿಲ್ಲವೇ?

ಆಗ ಬೋರ್ಡಿನ ಮೇಲೆ ಲೆಕ್ಕ. 35,000 ವೋಲ್ಟಿನಲ್ಲಿ ಕಳಿಸಿದ್ದರು. ಸುಲಭಕ್ಕೆ ಒಂದೇ ಜೊತೆ ತಂತಿ, 3,500 ಕಿಲೋವ್ಯಾಟ್ ಅಂದುಕೊಳ್ಳಿ: 100 ಆಂಪಿಯರ್. ಅದನ್ನೇ 350 ವೋಲ್ಟಿನಲ್ಲಿ ಕಳಿಸಹೊರಟರೆ 10,000 ಆಂಪಿಯರ್ ಬೇಕು. ಬಿಸಿ ಹೆಚ್ಚುವುದು ವಿದ್ಯುತ್ ಪ್ರವಾಹದ ವರ್ಗದ ಲೆಕ್ಕದಲ್ಲಿ, ಅಂದರೆ ಅದೇ ತಂತಿಯಲ್ಲಿ ಹತ್ತು ಸಾವಿರ ಪಟ್ಟು. ಗಣಿ ಮುಟ್ಟುವ ಮಾತಿರಲಿ, ತಂತಿಯೇ ಕರಗಿ ಬೀಳುತ್ತದೆ. ಜೂಲನ ನಿಯಮವನ್ನು ಪರೀಕ್ಷೆಗೆಂದು ಉರುಹೊಡೆದ ಹುಡುಗಿಯೂ ಇಲ್ಲಿ ತಲೆ ಎತ್ತುತ್ತಾಳೆ.

ಬೀಳುವ ನೀರಿನ ಲೆಕ್ಕ ಇನ್ನೂ ಸರಳ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 120 ಮೀಟರ್ ಇಳಿದರೆ ಸುಮಾರು 1,176 ಕಿಲೋವ್ಯಾಟ್. ಟರ್ಬೈನು ಅದರಲ್ಲಿ ಒಂದಿಷ್ಟು ತಿನ್ನುತ್ತದೆ.

ಆಮೇಲೆ ಮಕ್ಕಳು ಮತ್ತೆ ಆ 35,000 ವೋಲ್ಟಿಗೇ ಬರುತ್ತಾರೆ: “ಹಂಗಾದ್ರೆ ಕೋಲಾರದಲ್ಲಿ ವೋಲ್ಟು ಇಳಿಸ್ದೋರ್ಯಾರು ಸಾ?” ಅದಕ್ಕೆ ಉತ್ತರ ಊರಾಚೆಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಲೋಡು ಹೆಚ್ಚಾಗಿ ಟಿಸಿ ಸುಟ್ಟು, ಅಪ್ಪ ಪಂಪ್‌ಸೆಟ್ಟಿಲ್ಲದೆ ಒದ್ದಾಡಿದ್ದನ್ನು ಕಂಡ ಮಕ್ಕಳಿಗೆ ಅದರೊಳಗಿನ ಸುರುಳಿ, ಎಣ್ಣೆ ಎಲ್ಲ ಗೊತ್ತು. ಅಲ್ಲಿಂದ ಮುಂದೆ ಪಾಠ ಹೇಳುವವರು ಅವರೇ.