ಮುಚ್ಚಿದ ಪಾತ್ರೆಯೊಳಗಿನ ನೋಟ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಸ್ಥಾಲೀಪುಲಾಕ ನ್ಯಾಯವೆಂದು ಹಿರಿಯರು ಕರೆದ ಈ ರೀತಿಯು ರಾಸಾಯನಿಕ ಕಾರ್ಖಾನೆಯ ರಿಯಾಕ್ಟರಿಗೆ ಸಲ್ಲದು. ವೇಗವರ್ಧಕದ ಉಂಡೆಗಳನ್ನು ತುಂಬಿದ ಸ್ತಂಭವೊಂದನ್ನು ಭಾವಿಸೋಣ. ಅನಿಲದೊಡನೆ ದ್ರವವು ಉಂಡೆಗಳ ಮೇಲೆ ಜಿನುಗುತ್ತ ಕೆಳಗಿಳಿಯುತ್ತದೆ. ಪೆಟ್ರೋಲಿಯಂ ತೈಲಗಳಿಂದ ಗಂಧಕವನ್ನು ತೆಗೆಯಲು ಇಂಥ ಪಾತ್ರೆಗಳು ಬಳಕೆಯಲ್ಲಿವೆ. ಒಂದೆಡೆ ಉಂಡೆಗಳು ತೊಯ್ದು, ಇನ್ನೊಂದೆಡೆ ಒಣಗಿಯೇ ಉಳಿದರೆ, ಅಲ್ಲಿ ಶಾಖ ಮಿತಿಮೀರಿ ವೇಗವರ್ಧಕ ಕೆಡಬಹುದು, ಅಪಘಾತವೂ ಸಂಭವಿಸಬಹುದು. ಆದರೂ ಬಹುಕಾಲ ಇಂಜಿನಿಯರನಿಗೆ ಮುಖ್ಯವಾಗಿ ತಿಳಿಯುತ್ತಿದ್ದುದು ಒಳಹೋದದ್ದೆಷ್ಟು, ಹೊರಬಂದದ್ದೇನು ಎಂಬುದು. ನಡುವಿನದನ್ನು ಸರಾಸರಿಯ ಲೆಕ್ಕದಿಂದ ಊಹಿಸಬೇಕಾಗಿತ್ತು.

ಈ ಊಹೆಯನ್ನು ಪರೀಕ್ಷಿಸುವ ಸಾಧನ ಬೇರೊಂದು ದಿಕ್ಕಿನಿಂದ ಬಂದಿತು. ಬಲವಾದ ಕಾಂತಕ್ಷೇತ್ರದಲ್ಲಿರುವ ಹೈಡ್ರೊಜನ್ ಪರಮಾಣುವಿನ ಬೀಜವು ನಿಯತ ಆವರ್ತಾಂಕದ ರೇಡಿಯೋ ಅಲೆಗೆ ಓಗೊಡುತ್ತದೆ. ಇದನ್ನು ಅಮೆರಿಕದ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ 1946ರಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದರು. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವಗಳಲ್ಲಿ ಇದೇ ಅನುರಣನವನ್ನು ಪರೀಕ್ಷಿಸಿದರು. ಅಲೆಗೆ ಓಗೊಟ್ಟು ದಣಿದ ಬೀಜಗಳು ಸಾಗಿಹೋಗಿ ಹೊಸವು ಬರುವುದರಿಂದ ಸಂಕೇತ ಬಲಗೊಳ್ಳುತ್ತದೆ. ದ್ರವದ ಚಲನೆಯೂ ಈ ಸಂಕೇತದಲ್ಲಿ ತನ್ನ ಗುರುತನ್ನು ಬಿಡುತ್ತದೆಂಬುದು ಹೀಗೆ ನಮ್ಮ ನಾಡಿನ ಪ್ರಯೋಗಶಾಲೆಯಲ್ಲಿ ಮೊದಲಲ್ಲಿಯೇ ಕಂಡುಬಂದಿತು.

ಸಂಕೇತವನ್ನು ಚಿತ್ರವಾಗಿಸಿದವರು ಪಾಲ್ ಲಾಟರ್ಬರ್. ಅವರು ವೃತ್ತಿಯಿಂದ ರಸಾಯನವಿಜ್ಞಾನಿ. ಸ್ಥಳದಿಂದ ಸ್ಥಳಕ್ಕೆ ಕಾಂತಬಲವನ್ನು ಬದಲಿಸಿ, ನೀರು ತುಂಬಿದ ಎರಡು ಸಣ್ಣ ನಳಿಗೆಗಳ ಚಿತ್ರವನ್ನು 1973ರಲ್ಲಿ ಪ್ರಕಟಿಸಿದರು. ಈ ವಿದ್ಯೆ ಆಸ್ಪತ್ರೆಗಳನ್ನು ಸೇರಿತು. 2003ರಲ್ಲಿ ಅವರಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡರಿಗೂ ವೈದ್ಯಕೀಯ ನೊಬೆಲ್ ಬಹುಮಾನ ಸಂದಿತು.

ರೋಗಿಯ ದೇಹವನ್ನು ಕಂಡ ಕಣ್ಣು ರಿಯಾಕ್ಟರನ್ನೂ ಕಾಣಬಲ್ಲದಲ್ಲವೇ? ತೊಡಕುಗಳಿದ್ದವು. ರೇಡಿಯೋ ಅಲೆ ಉಕ್ಕಿನ ಗೋಡೆಯನ್ನು ದಾಟದು. ಆದುದರಿಂದ ಕಾಂತದೊಳಗೆ ಹಿಡಿಸುವಂಥ, ಗಾಜು ಮೊದಲಾದ ಅಲೋಹಗಳ ಸಣ್ಣ ಸ್ತಂಭಗಳನ್ನು ರಚಿಸಬೇಕಾಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಲಿನ್ ಗ್ಲಾಡನ್ ಮತ್ತು ಸಂಗಡಿಗರು ಈ ಕಾರ್ಯವನ್ನು ದಶಕಗಳ ಕಾಲ ನಡೆಸಿದರು. ಉಂಡೆಗಳ ನಡುವೆ ದ್ರವ ಸಮನಾಗಿ ಹರಡದೆ ಕೆಲವೇ ದಾರಿಗಳನ್ನು ಹಿಡಿದು ಹರಿಯುವುದನ್ನು ಚಿತ್ರಗಳು ತೋರಿಸಿದವು. ಅಸಿಟಿಕ್ ಆಮ್ಲವೂ ಮೆಥನಾಲೂ ಕೂಡಿ ಎಸ್ಟರ್ ಆಗುವ ಕ್ರಿಯೆಯನ್ನು ಕುರಿತ ಅವರ 2002ರ ವರದಿಯಲ್ಲಿ, ಒಂದೇ ಸ್ತಂಭದೊಳಗೆ ಕ್ರಿಯೆಯ ಪ್ರಮಾಣ ಎಡೆಯಿಂದ ಎಡೆಗೆ ಬೇರೆಯಾಗಿರುವುದು ಕಂಡಿತು.

ಇದರಿಂದ ಗಣಿತದ ಲೆಕ್ಕಾಚಾರ ಅನವಶ್ಯಕವಾಗಲಿಲ್ಲ. ಕಾರ್ಖಾನೆಯ ಮಹಾಸ್ತಂಭವನ್ನು ಇಂದಿಗೂ ಅದರಿಂದಲೇ ರೂಪಿಸಬೇಕು. ಆದರೆ ಸರಾಸರಿಯನ್ನು ನಂಬಿ ಕಟ್ಟಿದ ಲೆಕ್ಕವನ್ನು ಒರೆಗೆ ಹಚ್ಚಲು ಪ್ರತ್ಯಕ್ಷ ಸಾಕ್ಷ್ಯವೊಂದು ದೊರೆತಿದೆ.