ಕ್ಯಾಮ್‌ಶಾಫ್ಟ್ ಆಯ್ಕೆ (ಹಳೆಯ ವಾಹನಗಳಲ್ಲಿ)

ಎಂಜಿನ್ನಿನ ವಾಲ್ವುಗಳನ್ನು ತೆರೆಯಿಸಿ ಮುಚ್ಚಿಸುವ, ಉಬ್ಬುಗಳುಳ್ಳ ದಂಡ ಕ್ಯಾಮ್‌ಶಾಫ್ಟ್. ಫೋರ್‌ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ 2 ಸುತ್ತು ತಿರುಗಿದಾಗ ಇದು 1 ಸುತ್ತು ತಿರುಗುತ್ತದೆ. ಅಮೆರಿಕದಲ್ಲಿ 1960ರ ದಶಕದ ವಿ8 ಕಾರುಗಳಿಗೆ, ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಹಾಕಿ ಮೇಲಿನ ಆರ್‌ಪಿಎಮ್‌ನಲ್ಲಿ ಬಲ ಪಡೆಯುವುದುಂಟು. ಆಗ ಐಡ್ಲಿಂಗ್ ಕುಲುಕುತ್ತದೆ, ಕೆಳಗಿನ ಎಳೆತ ಸೊರಗುತ್ತದೆ.

ಬೈಂದೂರು ತಾಲ್ಲೂಕಿನ ಕೊಲ್ಲೂರಿನಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನು ಒಯ್ಯುವ ಜೀಪುಗಳಿಗೆ ಅಂಥ ಕ್ಯಾಮ್ ಸಲ್ಲದು. ಕಲ್ಲು, ಕೆಸರು, ಕಡಿದಾದ ತಿರುವುಗಳಲ್ಲಿ ಫಸ್ಟ್ ಗೇರಿನಲ್ಲೇ ತೆವಳುವ ಗಾಡಿಗೆ ಮೂಲ ಅಳತೆಯ, ವಾಲ್ವನ್ನು ಕಡಿಮೆ ಹೊತ್ತು ತೆರೆದಿಡುವ ಕ್ಯಾಮೇ ಸರಿ. ಜೀಪು ಡೀಸೆಲ್‌ನದಾದರೆ ಇನ್ನೊಂದು ತೊಡಕು: ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗ ತೀರ ಕಡಿಮೆ. ಉಬ್ಬು ಎತ್ತರವಾದರೆ ಒಂದಕ್ಕೊಂದು ಬಡಿದು ವಾಲ್ವ್ ಬಾಗೀತು. ಹೊಸ ಕ್ಯಾಮ್‌ಗೆ ಹಳೆಯ ಟ್ಯಾಪೆಟ್ (ಉಬ್ಬಿಗೆ ತಾಗಿ ಅದರ ಚಲನೆಯನ್ನು ವಾಲ್ವಿನತ್ತ ಒಯ್ಯುವ ಭಾಗ) ಜೋಡಿಸಲೇಬಾರದು: ಅದರ ಸವೆದ ಮುಖ ಹೊಸ ಉಬ್ಬನ್ನು ಬೇಗನೆ ತಿಂದುಹಾಕುತ್ತದೆ.